ಬರಗೇರಮ್ಮ ಅಪ್ಪಣೆ ಕೇಳಿದ್ದು

ಬೆಳಗಾದರೆ ಒಂದು ಬಿಳಿ ಗುಳಿಗೆ. ಅಷ್ಟೇ. ಲೋಟದಲ್ಲಿ ನೀರು ಹಿಡಿದು ಎದುರಿಗೆ ನಿಲ್ಲುವ ಹೆಂಡತಿ ಇದ್ದಳು, ನುಂಗುವುದಕ್ಕೆ ಗಟ್ಟಿ ಗಂಟಲೂ ಇತ್ತು. ಆದರೂ ಪಾಲಯ್ಯನ ಹೊಟ್ಟೆಗೆ ಆ ಗುಳಿಗೆ ಇಳಿಸುವಷ್ಟರಲ್ಲಿ ಬರಗೇರಮ್ಮನಿಗೆ ದಿನಾ ಸಾಕುಸಾಕಾಗಿ ಹೋಗುತ್ತಿತ್ತು. ಕುರಿಗಾದರೆ ದವಡೆ ಹಿಡಿದು ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ದು ಬಿಟ್ಟರೆ ಮುಗಿಯಿತು. ಗಂಡನಿಗೆ ಗೊಟ್ಟ ಹಾಕುವುದು ಹೇಗೆ? ಹಾಕಬೇಕು ಅನ್ನಿಸಿದ ದಿನಗಳೇನೂ ಕಮ್ಮಿ ಇರಲಿಲ್ಲ.

ಮಿಕ್ಕ ಗುಳಿಗೆಗಳ ವಿಷಯದಲ್ಲಿ ಅವನ ತಕರಾರಿಲ್ಲ. ರಕ್ತ ತೆಳುವಾಗುವುದಕ್ಕೆ ಕೊಟ್ಟಿದ್ದನ್ನು ಕಡಲೆಬೀಜದಂತೆ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಹಗೆಯೆಲ್ಲ ಈ ಒಂದರ ಮೇಲೆ. ಹಿಂದಿನ ವರ್ಷ ಕುರಿರೊಪ್ಪದ ಬಾಗಿಲಲ್ಲಿ ಅವನು ಕುಸಿದು ಬಿದ್ದಾಗ ಚಿತ್ರದುರ್ಗಕ್ಕೆ ಸಾಗಿಸಿದ್ದರು. ಗೊತ್ತೇ ಆಗದ ಹಾಗೆ ಯಾವಾಗಲೋ ಒಮ್ಮೆ ಹೃದಯಾಘಾತ ಆಗಿಹೋಗಿದೆ, ಅದರ ಗಾಯದ ಕಲೆ ಉಳಿದಿದೆ, ಆ ಕಲೆಯ ಹತ್ತಿರ ಹೃದಯ ಲಯ ತಪ್ಪಿ ಓಡುತ್ತದೆ ಎಂದು ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದ್ದರು. ಈ ಗುಳಿಗೆ ಆ ಓಟವನ್ನು ಹಿಡಿದು ನಿಲ್ಲಿಸುವುದಕ್ಕೆ. ಹೆಸರು ಅಮಿಯೊಡರೋನ್. ಬರಗೇರಮ್ಮ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡೇ ಊರಿಗೆ ಬಂದಳು. ಹೊರಡುವಾಗ ಡಾಕ್ಟರು, “ಇದನ್ನ ತಗೊಳ್ಳೋವಾಗ ಬಿಸಿಲಿಗೆ ಜಾಸ್ತಿ ಹೋಗಬಾರದು, ಚರ್ಮ ಸುಡುತ್ತೆ” ಎಂದರು.

“ಕುರಿ ಕಾಯೋರಿಗೆ ಬಿಸಿಲಿಗೋಗ್ಬ್ಯಾಡ ಅಂದ್ರೆ ಕುರಿ ನೀವು ಕಾಯ್ತೀರಾ ಡಾಕ್ಟ್ರೇ?” ಎಂದು ಅವಳು ಕೇಳಿಯೇಬಿಟ್ಟಳು. ಡಾಕ್ಟರು ನಕ್ಕು, ತುಂಬು ತೋಳಿನ ಅಂಗಿ ಹಾಕಲಿ, ಛತ್ರಿ ಹಿಡಿಯಲಿ ಎಂದರು. ಛತ್ರಿ ತಂದದ್ದೂ ಆಯಿತು. ಅದನ್ನು ಈಗ ಕೋಳಿ ಮುಚ್ಚುವುದಕ್ಕೆ ಬಳಸುತ್ತಾರೆ.

ಗುಳಿಗೆಯ ಮೇಲೆ ಹಗೆ ಯಾಕೆ ಎಂದರೆ, ಪಾಲಯ್ಯ ಬರೀ ಕುರಿಗಾರನಲ್ಲ. ಜವನಗೊಂಡನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಅವರ ಹಟ್ಟಿಯಲ್ಲಿ ಗುಡ್ಡದ ಬೀರಪ್ಪನ ಪೂಜಾರಿ. ಸೋಮವಾರ ಗುಡಿಯ ಮುಂದೆ ಡೊಳ್ಳು ಬಿದ್ದರೆ ಅವನ ಮೈಮೇಲೆ ಸ್ವಾಮಿ ಬರುತ್ತಿದ್ದ. ಜನ ಅಪ್ಪಣೆ ಕೇಳುತ್ತಿದ್ದರು: ಬೋರು ಎಲ್ಲಿ ಕೊರೆಸಲಿ, ಹೆಣ್ಣನ್ನು ಯಾವ ಊರಿಗೆ ಕೊಡಲಿ, ಕಳೆದುಹೋದ ಟಗರು ಯಾವ ದಿಕ್ಕಿಗೆ ಹೋಯಿತು. ಪಾಲಯ್ಯ ಅರ್ಧಂಬರ್ಧ ಗೊಣಗುತ್ತಿದ್ದ. ಪಕ್ಕದಲ್ಲಿ ಕೂರುವ ಕಾಟಯ್ಯ ಅದಕ್ಕೆ ಕಿವಿ ಕೊಟ್ಟು, ಬಿಡಿಸಿ, ಉದ್ದ ಮಾಡಿ ಜನರಿಗೆ ಹೇಳುತ್ತಿದ್ದ. ಅದು ಕಾಟಯ್ಯನ ಮನೆತನಕ್ಕೆ ಬಂದ ಕೆಲಸ.

ಬರಗೇರಮ್ಮನಿಗೂ ಬೀರಪ್ಪನ ಮೇಲೆ ಭಕ್ತಿ ಇತ್ತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವಳ ಜಗಳ ಇದ್ದದ್ದು ಬೇರೆ ವಿಷಯಕ್ಕೆ. ಗಂಡ ಕುಸಿದು ಬೀಳುವುದಕ್ಕೆ ಮುಂಚಿನ ದಿನಗಳಲ್ಲಿ ಸ್ವಾಮಿ ಹೊತ್ತುಗೊತ್ತಿಲ್ಲದೆ ಬರತೊಡಗಿದ್ದ. ಊಟಕ್ಕೆ ಕೈತೊಳೆಯುವಾಗ ಬಂದ. ಕುರಿಗೆ ನೀರು ಕುಡಿಸುವಾಗ ಬಂದ. ಒಮ್ಮೆ ಹಿರಿಯೂರು ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವಾಗಲೂ ಬಂದು, ಕಂಡಕ್ಟರು ಪಾಪ ಟಿಕೆಟ್ಟು ಕೊಡುವುದನ್ನು ಬಿಟ್ಟು ಕೈಮುಗಿದ.

“ಅಲ್ಲಾ, ಸ್ವಾಮಿ ಡೊಳ್ಳು ಕೇಳಿ ಬರೋನು. ಕರೀದೆ ಬರೋನು ಸ್ವಾಮಿ ಅಲ್ಲ, ಕಾಯಿಲೆ” ಎಂದು ಬರಗೇರಮ್ಮ ಹಟ್ಟಿಯ ಒಬ್ಬೊಬ್ಬರ ಮುಂದೆಯೂ ಬಾಯಿ ಬಡಿದುಕೊಂಡಳು. ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಕರೆಯದೆ ಬರುವ ದೇವರಿಗೆ ಶಕ್ತಿ ಜಾಸ್ತಿ ಎಂದು ಕಾಟಯ್ಯ ತೀರ್ಮಾನ ಕೊಟ್ಟಾಗಿತ್ತು.

ಗುಳಿಗೆ ಶುರುವಾದ ಮೇಲೆ ಎದೆ ಸುಮ್ಮನಾಯಿತು. ಎದೆಯ ಜೊತೆಗೆ ಸ್ವಾಮಿಯೂ ಸುಮ್ಮನಾದ. ಸೋಮವಾರ ಸೋಮವಾರ ಡೊಳ್ಳು ಹೊಡೆಯುವವರ ತೋಳು ಸೋಲುತ್ತಿತ್ತು, ಪಾಲಯ್ಯ ಮಾತ್ರ ಪಂಚಾಯ್ತಿ ಕಟ್ಟೆಯ ಮೇಲೆ ಕೂತವನ ಹಾಗೆ ಮಿಕಿಮಿಕಿ ನೋಡುತ್ತ ಕೂರುತ್ತಿದ್ದ. ಜನ ಮುಖ ಮುಖ ನೋಡಿಕೊಂಡರು. ಹೊಸದುರ್ಗದ ಕಡೆಯಿಂದ ಬಂದಿದ್ದ ಒಂದು ಕುಟುಂಬ ಕಾದೂ ಕಾದೂ ಎದ್ದು ಹೋಯಿತು.

“ಗುಳಿಗೆ ಸ್ವಾಮೀನ ಕಟ್ಟಾಕೈತೆ” ಎಂದ ಕಾಟಯ್ಯ.

ಪಾಲಯ್ಯ ಮನೆಗೆ ಬಂದು ಗೋಡೆಗೆ ಒರಗಿ ಕೂತ. “ಎದೆ ಹೊಡ್ಕಳ್ದೆ ಇದ್ರೆ ಸ್ವಾಮಿ ಬಂದಿದ್ದು ನಂಗಾದ್ರೂ ಹೆಂಗೆ ಗೊತ್ತಾಗ್ಬೇಕೇ?” ಎಂದ. ಅವನ ದನಿಯಲ್ಲಿ ನಾಟಕ ಇರಲಿಲ್ಲ. ನಿಜವಾಗಿಯೂ ಏನನ್ನೋ ಕಳೆದುಕೊಂಡವನ ಹಾಗಿದ್ದ. ಬರಗೇರಮ್ಮನಿಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟೇ ಮೊದಲು ಬಾಯಿಗೆ ಬರುವುದು ಅವಳ ಜಾಯಮಾನ.

“ಎದೆ ನಿಂತೋದ್ ಮ್ಯಾಲೆ ಗೊತ್ತಾಗ್ತೈತೆ, ತಡಿ” ಎಂದು ಗುಳಿಗೆಯನ್ನು ಅವನ ಅಂಗೈಗೆ ಕುಕ್ಕಿದಳು.

ಆಮೇಲೆ ಪಾಲಯ್ಯ ತುಂಬ ಸಾಧುವಾಗಿಬಿಟ್ಟ. ಕೊಟ್ಟ ಕೂಡಲೇ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಕಂಬಳಿ ಹೊದ್ದು ಹೊರಟುಬಿಡುತ್ತಿದ್ದ. ಬುದ್ಧಿ ಬಂತಲ್ಲ ಎಂದು ಅವಳು ಹೊಸದುರ್ಗಕ್ಕೆ ಕೊಟ್ಟ ಮಗಳು ಅಂಜಲಿಗೆ ಫೋನಿನಲ್ಲಿ ಹೇಳಿಕೊಂಡು ಹಿಗ್ಗಿದಳು. ಎಂಥ ಹಿಗ್ಗು, ಅವಳ ಕರ್ಮ! ಒಂದು ಸೋಮವಾರ ಬೆಳಿಗ್ಗೆ ಅವನು ಗುಡಿಗೆ ಹೋದ ಮೇಲೆ, ಬಿಸಿಲಿಗೆ ಹಾಕೋಣವೆಂದು ಆ ಕಂಬಳಿಯನ್ನು ಕೊಡವಿದಳು. ಅಂಚಿನ ಮಡಿಕೆಯಿಂದ ಪಟಪಟ ಎಂದು ಏನೋ ಉದುರಿತು. ಕುರಿಯ ಉಣ್ಣಿ ಇರಬೇಕು ಎಂದು ಬಗ್ಗಿ ನೋಡಿದರೆ, ಗುಳಿಗೆ! ಒಂದೆರಡಲ್ಲ, ಒಂದು ಹಿಡಿ. ನಾಲಗೆ ಕೆಳಗೆ ಇಟ್ಟುಕೊಂಡು ಹೋಗಿ ಉಗಿದಿದ್ದ. ಉಗಿದಿದ್ದನ್ನು ಎಸೆಯುವ ಧೈರ್ಯವೂ ಇಲ್ಲದೆ ಹೊಲಿಗೆ ಬಿಚ್ಚಿ ಅಡಗಿಸಿಟ್ಟಿದ್ದ.

ಬರಗೇರಮ್ಮನ ಮೈಯೆಲ್ಲ ಉರಿದುಹೋಯಿತು. ಗುಳಿಗೆಗಳನ್ನು ಬಾಚಿ ಸೆರಗಿಗೆ ಗಂಟು ಹಾಕಿಕೊಂಡು, ಬಾಯಿಗೆ ಬಂದಿದ್ದನ್ನೆಲ್ಲ ಬೈಯುತ್ತ ಗುಡಿಯ ಕಡೆ ಓಡಿದಳು.

ಅಲ್ಲಿ ಡೊಳ್ಳು ಇನ್ನೂ ಹೆಗಲಿಗೇರಿರಲಿಲ್ಲ. ಪಾಲಯ್ಯ ಆಗಲೇ ನಡುಗುತ್ತಿದ್ದ. ಹಣೆಗೆ ಹಚ್ಚಿದ್ದ ಭಂಡಾರದ ಅರಿಸಿನ ಬೆವರಿನಲ್ಲಿ ಕರಗಿ ಕಣ್ಣಿಗಿಳಿಯುತ್ತಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

“ಬಂದಾನೆ! ಡೊಳ್ಳಿಲ್ದೆ ಬಂದಾನೆ! ಕೇಳ್ಕಳ್ರಪ್ಪ, ಏನೇನ್ ಕೇಳ್ಬೇಕೋ ಜಲ್ದಿ ಕೇಳ್ಕಳ್ರಿ!” ಎಂದು ಕಾಟಯ್ಯ ಕುಣಿಯುವುದೊಂದು ಬಾಕಿ. ಬೋರಿನ ವಿಷಯಕ್ಕೆ ಕಿತ್ತಾಡಿಕೊಂಡಿದ್ದ ಅಣ್ಣತಮ್ಮಂದಿರಿಬ್ಬರು ಆಗಲೇ ಮುಂದೆ ಬಂದು ಕೂತಿದ್ದರು. ತೆಂಗಿನ ಸಾಲಿನ ಪಕ್ಕ ಕೊರೆಸಲೋ, ಬದುವಿನ ಹತ್ತಿರವೋ?

ಬರಗೇರಮ್ಮ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿ ಗಂಡನ ಕುತ್ತಿಗೆಗೆ ಬೆರಳಿಟ್ಟಳು. ಸುತ್ತ ನಿಂತವರು ಹಾ ಎಂದು ಬಾಯಿ ತೆರೆದರು. ಸ್ವಾಮಿ ಮೈಮೇಲಿರುವಾಗ ಹೆಂಗಸರು ಪೂಜಾರಿಯನ್ನು ಮುಟ್ಟುವಂತಿಲ್ಲ. ಅವಳ ಬೆರಳಿನ ಕೆಳಗೆ ನಾಡಿ ಎಣಿಕೆಗೆ ಸಿಗದ ಹಾಗೆ ಓಡುತ್ತಿತ್ತು.

“ಬರಗೇರಮ್ಮಾ, ಮೈಲಿಗೆ!” ಎಂದು ಕಾಟಯ್ಯ ಅರಚಿದ.

“ಮೈಲಿಗೆ ಆಮೇಲೆ ತೊಳ್ಕಳಾಣ, ಮೊದ್ಲು ಕಾಲಿಡ್ಕಂಡು ಎತ್ತೋ!” ಎಂದು ಅವಳು ಅವನಿಗಿಂತ ಜೋರಾಗಿ ಅರಚಿದಳು. “ಯೋಗೇಶಾ, ತೆಗಿಯಪ್ಪ ಗಾಡಿ!”

ಯೋಗೇಶನ ಲಗೇಜ್ ಆಟೋ ಗುಡಿಯ ಮುಂದೆಯೇ ನಿಂತಿತ್ತು. ಪುಣ್ಯಕ್ಕೆ ಅವನು ಚರ್ಚೆಗೆ ಬಾರದೆ ಸ್ಟಾರ್ಟ್ ಮಾಡಿದ. ಪಾಲಯ್ಯನನ್ನು ಹಿಂದೆ ಮಲಗಿಸಿದರು. ಅವನ ಹಿಂದೆಯೇ ಕಾಟಯ್ಯ ಹತ್ತಿದ, ಬೋರಿನ ಅಣ್ಣತಮ್ಮಂದಿರು ಹತ್ತಿದರು, ಡೊಳ್ಳಿನವನೊಬ್ಬ ಡೊಳ್ಳಿನ ಸಮೇತ ಹತ್ತಿದ. ಸ್ವಾಮಿಯನ್ನು ಒಂಟಿಯಾಗಿ ಕಳಿಸಬಾರದಂತೆ. ಅದು ಹೋಗಲಿ ಎಂದರೆ, ಹೆದ್ದಾರಿಯುದ್ದಕ್ಕೂ ಆ ಅಣ್ಣ ಪಾಲಯ್ಯನ ಕಿವಿಯ ಹತ್ತಿರ ಬಗ್ಗಿ, “ಸ್ವಾಮೀ, ತೆಂಗಿನ ಸಾಲೋ, ಬದುವೋ?” ಎಂದು ಕೇಳುತ್ತಲೇ ಬಂದ.

“ನಿನ್ ಬೋರಿಗೆ ಮಣ್ಣಾಕ!” ಎಂದಳು ಬರಗೇರಮ್ಮ. ಹಿರಿಯೂರು ಬರುವವರೆಗೂ ಅವಳು ಗಂಡನ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಆಸ್ಪತ್ರೆಯ ತುರ್ತು ಚಿಕಿತ್ಸಾ ಕೋಣೆಯಲ್ಲಿ ನರ್ಸ್ ಜಯಶೀಲಾ ಅವನ ಎದೆಗೆ ವೈರುಗಳನ್ನು ಅಂಟಿಸಿದ್ದೇ ತಡ, ತಲೆಯ ಪಕ್ಕದ ಮಾನಿಟರು ಕೂಗತೊಡಗಿತು. ಪರದೆಯ ಮೇಲೆ ಅಗಲಗಲ ಗೆರೆಗಳು ಒಂದರ ಬೆನ್ನಿಗೊಂದು ಬಿದ್ದು ಓಡುತ್ತಿದ್ದವು. ಡಾಕ್ಟರ್ ಹನುಮೇಶ್ ಬಂದು ಅದನ್ನು ನೋಡಿದವರೇ ಇಸಿಜಿ ತೆಗೆಸಿ, ಬಿಪಿ ನೋಡಿಸಿ, ಶಾಕ್ ಕೊಡುವ ಯಂತ್ರವನ್ನು ಮಂಚದ ಹತ್ತಿರಕ್ಕೆ ಎಳೆಸಿ, ಅವಳ ಕಡೆ ತಿರುಗಿದರು.

“ಮಾತ್ರೆ ತಗೊಳ್ತಾ ಇದ್ದಾರೇನಮ್ಮ?”

ಬರಗೇರಮ್ಮ ಸೆರಗಿನ ಗಂಟು ಬಿಚ್ಚಿ ಆ ಹಿಡಿ ಗುಳಿಗೆಯನ್ನು ಮೇಜಿನ ಮೇಲೆ ಸುರಿದಳು. “ತಗಂಡಾವ್ರೆ ನೋಡ್ರಿ. ಕಂಬಳಿ ತಗಂಡೈತೆ.”

ಡಾಕ್ಟರು ಒಂದು ಗುಳಿಗೆ ಎತ್ತಿ ನೋಡಿದರು. “ಇದರದ್ದು ಇದೇ ಸಮಸ್ಯೆ. ಬಿಟ್ಟ ಕೂಡಲೇ ಏನೂ ಗೊತ್ತಾಗಲ್ಲ, ಮೈಯಿಂದ ನಿಧಾನಕ್ಕೆ ಇಳಿಯುತ್ತೆ. ಬಿಟ್ಟರೂ ಆರಾಮಾಗೇ ಇದ್ದೀನಲ್ಲ ಅಂತ ಜನ ಮೋಸ ಹೋಗ್ತಾರೆ” ಎಂದರು. ಆಮೇಲೆ ವಿಷಯ ಹೇಳಿದರು. ಹೃದಯ ತುಂಬ ಜೋರಾಗಿ ಹೊಡೆದುಕೊಳ್ಳುತ್ತಿದೆ, ತುಂಬಿಕೊಳ್ಳುವುದಕ್ಕೆ ಬಿಡುವಿಲ್ಲದೆ ರಕ್ತ ಸರಿಯಾಗಿ ಹೊರಗೆ ಹೋಗುತ್ತಿಲ್ಲ. ಸದ್ಯಕ್ಕೆ ಬಿಪಿ ತಡೆದುಕೊಂಡಿದೆ. ಇದೇ ಔಷಧಿಯನ್ನು ಡ್ರಿಪ್‌ನಲ್ಲಿ ನಿಧಾನವಾಗಿ ರಕ್ತಕ್ಕೆ ಬಿಡಬೇಕು. ಅದಕ್ಕೂ ಬಗ್ಗದಿದ್ದರೆ, ಇಲ್ಲವೇ ಬಿಪಿ ಬಿದ್ದರೆ, ಶಾಕ್ ಕೊಡಬೇಕಾಗುತ್ತದೆ. ಸುಮ್ಮನೆ ಬಿಟ್ಟರೆ ಓಡುತ್ತಿರುವ ಹೃದಯ ಬರೀ ಅದುರುತ್ತ ನಿಂತುಹೋಗಬಹುದು.

ಜಯಶೀಲಾ ಸೂಜಿ ಹಿಡಿದು ಬಂದಳು. ಪಾಲಯ್ಯ ಕೈ ಕಿತ್ತುಕೊಂಡ.

“ಬ್ಯಾಡ” ಎಂದ. ಉಸಿರು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿತ್ತು. “ಬ್ಯಾಡ್ರಿ. ಮುಟ್ಬ್ಯಾಡ್ರಿ.”

ಬಾಗಿಲಲ್ಲಿ ತಲೆಗಳು ಕಾಣಿಸಿದವು. “ಸ್ವಾಮಿ ಮೈಮ್ಯಾಗಿದ್ದಾಗ ಸೂಜಿ ಚುಚ್ಚಂಗಿಲ್ರಿ ಸಾಹೇಬ್ರೇ” ಎಂದ ಕಾಟಯ್ಯ. ಅವನ ಹಿಂದೆ ಡೊಳ್ಳು ಬಾಗಿಲಿಗೆ ಸಿಕ್ಕಿಹಾಕಿಕೊಂಡು ಸೆಕ್ಯೂರಿಟಿಯವನ ಜೊತೆ ಜಗಳ ನಡೆದಿತ್ತು.

“ರೀ, ಎಲ್ಲರೂ ಆಚೆ ಹೋಗ್ರಿ ಮೊದಲು!” ಎಂದು ಡಾಕ್ಟರು ಗದರಿದರು. ಮತ್ತೆ ಪಾಲಯ್ಯನಿಗೆ ಹೇಳಿ ನೋಡಿದರು. ಜಯಶೀಲಾ ಹೇಳಿದಳು. ಬರಗೇರಮ್ಮ ಬೈದಳು, ಕೈಮುಗಿದಳು, ಮಗಳ ಮೇಲೆ ಆಣೆ ಇಟ್ಟಳು. ಅವನದು ಒಂದೇ ಮಾತು, ಬ್ಯಾಡ.

“ಬಲವಂತ ಮಾಡಿ ಹಾಕ್ರಿ ಡಾಕ್ಟ್ರೇ. ನಾನ್ ಕೈಯಿಡ್ಕತೀನಿ.”

“ಬುದ್ಧಿ ಸ್ವಾಧೀನದಲ್ಲಿದೆಯಮ್ಮ, ಅವರೇ ಬೇಡ ಅಂತಿದ್ದಾರೆ. ಹೇಗೆ ಹಾಕಲಿ? ಪ್ರಜ್ಞೆ ತಪ್ಪಿದರೆ ನಾನು ಯಾರನ್ನೂ ಕೇಳಲ್ಲ. ಆದರೆ ಅಲ್ಲಿವರೆಗೆ ಕಾದರೆ ಕೈಗೆ ಸಿಗ್ತಾರೋ ಇಲ್ವೋ.”

ಬರಗೇರಮ್ಮ ಗಂಡನನ್ನು ನೋಡಿದಳು. ತುಟಿ ನೀಲಿಗಟ್ಟುತ್ತಿತ್ತು. ಬಾಗಿಲಲ್ಲಿ ನಿಂತ ಕಾಟಯ್ಯನನ್ನು ನೋಡಿದಳು. ಈ ಮೂರ್ಖರ ಸಂತೆಯಲ್ಲಿ ತನ್ನ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲರ ಮಾತಿಗೂ ಬೆಲೆಯಿದೆಯಲ್ಲ ಎಂದುಕೊಂಡಳು. ದಡದಡನೆ ಹೋಗಿ ಕಾಟಯ್ಯನ ಸೊಂಟದಿಂದ ಭಂಡಾರದ ಚೀಲ ಕಿತ್ತುಕೊಂಡಳು. ಒಂದು ಚಿಟಿಕೆ ತೆಗೆದು ಗಂಡನ ಹಣೆಗೆ ಒತ್ತಿ, ಸೆರಗು ತಲೆಯ ಮೇಲೆ ಹೊದ್ದು, ಮಂಚದ ಮುಂದೆ ಕೈಮುಗಿದು ನಿಂತಳು.

“ಏ, ಏ, ಪೂಜಾರಿ ಹೆಂಡ್ತಿ ಅಪ್ಪಣೆ ಕೇಳಂಗಿಲ್ಲ!” ಕಾಟಯ್ಯ ಗಾಬರಿಯಾದ. ಅದು ಅವರ ಗುಡಿಯ ಕಟ್ಟಳೆ. ಮನೆಯವರೇ ಕೇಳಿದರೆ ಮನೆಯ ಮಾತೇ ಬರುತ್ತದೆ ಎಂದು ಹಿರಿಯರು ಮಾಡಿಟ್ಟದ್ದು. ಮದುವೆಯಾಗಿ ಬಂದಾಗಿನಿಂದ ಬರಗೇರಮ್ಮ ಒಂದು ದಿನವೂ ಆ ಗೆರೆ ದಾಟಿರಲಿಲ್ಲ.

“ಅದು ಗುಡೀಲಿ. ಇದು ಆಸ್ಪತ್ರೆ. ಇಲ್ಲಿ ಯಾವ ಕಟ್ಳೆ ಐತೆ ತೋರ್ಸು” ಎಂದಳು. ಆಮೇಲೆ ದನಿ ಇಳಿಸಿದಳು. “ಸ್ವಾಮೀ, ಗುಡ್ಡದ ಬೀರಪ್ಪಾ. ಊರೋರೆಲ್ಲ ಕೇಳಿದ್ರು, ನಾನು ಏನೂ ಕೇಳ್ಲಿಲ್ಲ. ಇವತ್ತು ಕೇಳ್ತೀನಿ. ನಿನ್ ಪೂಜಾರಿ ಸೂಜಿ ಹಾಕಿಸ್ಕಬೇಕೋ ಬ್ಯಾಡವೋ? ಅಪ್ಪಣೆ ಕೊಡು.”

ಮಾನಿಟರು ಕೂಗುತ್ತಲೇ ಇತ್ತು. ಪಾಲಯ್ಯನ ತುಟಿ ಅಲ್ಲಾಡಿತು. ಕಾಟಯ್ಯ ರೂಢಿಯಂತೆ ಕಿವಿ ಚಾಚಿಕೊಂಡು ಮುಂದೆ ಬಂದ. ಬರಗೇರಮ್ಮ ಅವನನ್ನು ಭುಜದಿಂದ ನೂಕಿ ತನ್ನ ಕಿವಿಯನ್ನು ಗಂಡನ ಬಾಯಿಗೆ ಕೊಟ್ಟಳು.

“ಹೆದ್ರಿಕೆ ಆಗ್ತೈತೆ ಕಣೇ” ಎಂದ ಪಾಲಯ್ಯ. “ನನ್ ಬಿಟ್ಟೋಗ್ಬ್ಯಾಡ, ಬರಗೇರೀ.”

ಬರಗೇರಮ್ಮ ನೆಟ್ಟಗೆ ನಿಂತು ಬಾಗಿಲ ಕಡೆ ತಿರುಗಿದಳು.

“ಅಪ್ಪಣೆ ಆಯ್ತು. ಸೂಜಿ ಹಾಕ್ಲಿ ಅಂತ. ಇನ್ಮ್ಯಾಲೆ ಬೆಳಗಿನ ಗುಳಿಗೆ ನುಂಗದೆ ಪೂಜಾರಿ ಗುಡಿ ಬಾಗ್ಲು ತೆಗೀಬಾರ್ದು ಅಂತ. ತಪ್ಪಿದ್ರೆ ನಾ ಈ ಹಟ್ಟೀಲಿ ಇರಾಕಿಲ್ಲ ಅಂತು ಸ್ವಾಮಿ.”

ಕಾಟಯ್ಯ ಕಣ್ಣು ಕಿರಿದು ಮಾಡಿದ. “ಎಲ್ಡೇ ಮಾತಾಡಿದಂಗಿತ್ತು. ಇಷ್ಟುದ್ದ ಹೇಳ್ತಾ?”

“ನೀ ಬಿಡಿಸಿ ಹೇಳಾವಾಗ ಎಷ್ಟುದ್ದ ಆಗ್ತಿತ್ತೋ, ಅಷ್ಟೇಯ.”

ಅಣ್ಣತಮ್ಮಂದಿರು ಕೈಮುಗಿದರು. ಮಂಚದ ಮೇಲೆ ಪಾಲಯ್ಯ ಹೆಂಡತಿಯನ್ನೇ ನೋಡುತ್ತಿದ್ದ. “ಏನಂತೀರಾ, ಹಾಕಲಾ?” ಎಂದು ಡಾಕ್ಟರು ಅವನನ್ನೇ ಕೇಳಿದರು. ಅವನು ಹೂಂ ಎಂದು ತಲೆಯಾಡಿಸಿ, ತಾನಾಗಿ ಕೈ ಚಾಚಿದ.

ಡ್ರಿಪ್ ಹತ್ತಿತು. ಔಷಧಿ ಹನಿಹನಿಯಾಗಿ ಇಳಿಯತೊಡಗಿತು. ಇಷ್ಟು ಹೊತ್ತು ಬೇಡ ಬೇಡ ಎಂದು ಸೂಜಿಗೆ ಅಡ್ಡ ನಿಂತಿದ್ದ ಕಾಟಯ್ಯನಿಗೆ ಈಗ ಅವಸರ. “ಇದೇನ್ರಮ್ಮ ಸೋರಿದಂಗೆ ಬಿಡ್ತೀರಿ, ಜೋರಾಗಿ ಬಿಡ್ರಿ, ಸ್ವಾಮಿ ಅಪ್ಪಣೆನೇ ಆಗೈತಲ್ಲ!”

“ಅಪ್ಪಣೆ ಆಗಿರೋದು ಸೂಜಿಗೆ, ಜೋರಿಗಲ್ಲ” ಎಂದಳು ಜಯಶೀಲಾ, ಮಾನಿಟರಿನಿಂದ ಕಣ್ಣು ತೆಗೆಯದೆ. “ಜೋರಾಗಿ ಬಿಟ್ರೆ ಬಿಪಿ ದಬಕ್ಕಂತ ಬೀಳುತ್ತೆ. ನೀವು ಆಚೆ ಹೋಗ್ರಿ ಸ್ವಲ್ಪ.” ಅವಳು ಮತ್ತೆ ಮತ್ತೆ ಬಿಪಿ ನೋಡಿದಳು. ಡಾಕ್ಟರು ಶಾಕ್ ಯಂತ್ರದ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಬರಗೇರಮ್ಮ ಮಂಚದ ತಲೆಯ ಹತ್ತಿರ ಕಬ್ಬಿಣದ ಸರಳು ಹಿಡಿದು ನಿಂತಿದ್ದಳು. ಸುಳ್ಳು ಹೇಳಿದೆನಲ್ಲ ಸ್ವಾಮಿ, ಅದಕ್ಕೆ ಏನು ಶಿಕ್ಷೆ ಕೊಡಬೇಕೋ ನನಗೆ ಕೊಡು, ಈ ಹಠಮಾರಿಯನ್ನು ಬಿಟ್ಟುಬಿಡು ಎಂದು ಮನಸ್ಸಿನಲ್ಲಿ ಬೇಡಿಕೊಂಡಳು. ಬೇಡಿಕೊಳ್ಳುವಾಗಲೂ ಬೈಗುಳ ಬಾರದೆ ಇರಲಿಲ್ಲ.

ಔಷಧಿ ಮುಗಿಯುತ್ತ ಬಂದಾಗ ಪರದೆಯ ಮೇಲಿನ ಓಟ ಒಮ್ಮೆ ಮುಗ್ಗರಿಸಿತು. ಒಂದು ಗಳಿಗೆ ಗೆರೆಯೇ ಇಲ್ಲ. ಆಮೇಲೆ ಸಣ್ಣದೊಂದು ಗೆರೆ ಎದ್ದಿತು. ಬಿಡುವು ಕೊಟ್ಟು ಇನ್ನೊಂದು. ಮತ್ತೊಂದು.

“ಲಯಕ್ಕೆ ಬಂತು ಸರ್” ಎಂದಳು ಜಯಶೀಲಾ. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು.

ಅವತ್ತೇ ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಮಾರನೆಯ ದಿನ ಕಾಟಯ್ಯ ಅಲ್ಲಿಗೂ ಬಂದ. ಸುದ್ದಿ ಜವನಗೊಂಡನಹಳ್ಳಿ ದಾಟಿ ಹೋಗಿತ್ತಂತೆ. ಗುಳಿಗೆಯನ್ನು ಸ್ವಾಮಿಯೇ ಬರೆದುಕೊಟ್ಟ ಎನ್ನುವಲ್ಲಿಗೆ ಬಂದಿತ್ತಂತೆ. ಇನ್ನು ಮುಂದೆ ಸೋಮವಾರ ಗುಳಿಗೆಯನ್ನು ತಾಮ್ರದ ತಟ್ಟೆಯಲ್ಲಿಟ್ಟು, ಭಂಡಾರ ಹಚ್ಚಿ, ಡೊಳ್ಳು ಬಾರಿಸಿ ನುಂಗಿಸುವುದೆಂದು ಹಟ್ಟಿಯವರು ಗೊತ್ತು ಮಾಡಿದ್ದರು.

“ಭಂಡಾರ ಹಚ್ಬ್ಯಾಡ್ರೋ ಮಾರಾಯಾ, ನುಂಗಿದ್ರೆ ಸಾಕು” ಎಂದು ಬರಗೇರಮ್ಮ ಹಣೆ ಚಚ್ಚಿಕೊಂಡಳು.

ಕಾಟಯ್ಯ ಹೋದ ಮೇಲೆ ನರ್ಸು ಕೊಟ್ಟುಹೋದ ಗುಳಿಗೆಯನ್ನು ಪಾಲಯ್ಯನ ಕೈಗೆ ಹಾಕಿದಳು. ಅವನು ಮರುಮಾತಿಲ್ಲದೆ ನುಂಗಿ ನೀರು ಕುಡಿದ.

“ಬಾಯ್ ತೆಗಿ. ನಾಲ್ಗೆ ಎತ್ತು.”

ಎತ್ತಿದ. ಏನೂ ಇರಲಿಲ್ಲ. ಪಕ್ಕದ ಮಂಚದವನು ನಗುತ್ತಿದ್ದ. ಪಾಲಯ್ಯ ಆ ಕಡೆ ನೋಡಲಿಲ್ಲ. “ನಾ ಅಂದಿದ್ದು ಅದಲ್ಲ ಕಣೇ” ಎಂದ.

ಬರಗೇರಮ್ಮ ಲೋಟ ಒರೆಸುತ್ತಿದ್ದವಳು ನಿಂತಳು.

“ಸ್ವಾಮಿ ಬಂದೋದ್ ಮ್ಯಾಲೆ ನಂಗೆ ಒಂದ್ ಮಾತೂ ನೆನಪಿರಾಕಿಲ್ಲ. ಎಲ್ರೂ ಹೇಳಿದ್ ಮ್ಯಾಲೇ ಗೊತ್ತಾಗದು. ನಿನ್ನೇದು ಎಲ್ಲ ನೆನಪೈತೆ. ನೀ ಕೇಳಿದ್ದೂ, ನಾ ಅಂದಿದ್ದೂ. ಸ್ವಾಮಿ ಬಂದಿರ್ಲಿಲ್ಲ ಕಣೇ. ಕರ್ದೆ, ಬರ್ಲಿಲ್ಲ. ಅಲ್ಲಿ ನಾನೊಬ್ನೇ ಇದ್ದೆ.”

ಬರಗೇರಮ್ಮನಿಗೆ ಎಲ್ಲಿತ್ತೋ ಸಿಟ್ಟು. ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಕಣ್ಣಲ್ಲಿ ದಳದಳ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗುತ್ತಿತ್ತು.

“ಒಬ್ನೇ ಅಂತೆ, ಒಬ್ನೇ! ಅಷ್ಟೊತ್ತೂ ನಿನ್ ತಲೆ ಹತ್ರ ನಿಂತಿದ್ದೋಳು ಯಾರೋ? ನಿಮ್ಮಜ್ಜೀನಾ?”